ಮರದಲ್ಲಿ ಉಳಿದ ವಿಮಾನ

ಮೇಜಿನ ಮೇಲಿಟ್ಟರೆ ಎರಡು ಗೇಣಿಗಿಂತ ತುಸು ಹೆಚ್ಚು ಉದ್ದ. ನಾಲ್ಕು ಎಂಜಿನ್ನುಗಳು, ಮೂರು ಬಾಲಗಳು, ಬೆನ್ನ ಮೇಲೊಂದು ಡುಬ್ಬ, ಹೊಟ್ಟೆಯ ಕೆಳಗೆ ಬೋಗುಣಿ ಅಂಟಿಸಿದಂಥ ಇನ್ನೊಂದು ಉಬ್ಬು. ಮಹಾಗನಿ ಮರದಲ್ಲಿ ಕೆತ್ತಿ, ಉಜ್ಜಿ, ಕೈಯಲ್ಲೇ ಬಣ್ಣ ಹಚ್ಚಿದ ವಿಮಾನ. ಕೆಳಗೊಂದು ಮರದ ಪೀಠ, ಪೀಠಕ್ಕೆ ಒಂದು ಪುಟ್ಟ ಲೋಹದ ಫಲಕ, ಫಲಕದಲ್ಲಿ ಸ್ಕ್ವಾಡ್ರನ್ನಿನ ಹೆಸರು. ಅಮೆರಿಕದ ನೌಕಾಪಡೆಯಿಂದ ನಿವೃತ್ತರಾದವರ ಮನೆಗಳಲ್ಲಿ, ಕಚೇರಿಗಳ ಗಾಜಿನ ಕಪಾಟುಗಳಲ್ಲಿ ಇಂಥ ಮಾದರಿಗಳು ಸಾಮಾನ್ಯ. ವರ್ಗವಾಗಿ ಹೊರಟವರಿಗೆ ಜೊತೆಗಾರರು ಚಂದಾ ಎತ್ತಿ ಕೊಡುವ ಉಡುಗೊರೆ ಅದು. ನಮ್ಮಲ್ಲಿ ಶಾಲು, ಹಾರ, ಗಂಧದ ಕೆತ್ತನೆ ಕೊಡುವ ಹಾಗೆ.

ಯುದ್ಧವಿಮಾನದ ಮಾದರಿ ಇಟ್ಟುಕೊಂಡವರಿಗೆ ಹೇಳಲು ಕಥೆಗಳಿರುತ್ತವೆ: ಇಂಥ ಕಡೆ ಹಾರಿದೆ, ಇಂಥದ್ದನ್ನು ಹೊಡೆದೆ. ಆದರೆ ಎಲೆಕ್ಟ್ರಾನಿಕ್ ಸಮರದ ಸ್ಕ್ವಾಡ್ರನ್ನಿನಲ್ಲಿ ದುಡಿದವನ ಪಾಡು ಬೇರೆ. ಅವನು ಮಾಡಿದ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ, ಬಾಯಿಬಿಟ್ಟು ಹೇಳುವಂಥದ್ದೂ ಅಲ್ಲ. ದಶಕಗಳ ಕಾಲ ಹೆಂಡತಿ ಮಕ್ಕಳಿಗೂ ಅದರ ವಿವರ ತಿಳಿಯುತ್ತಿರಲಿಲ್ಲ. ಅವನು ಮನೆಗೆ ತಂದು ತೋರಿಸಬಹುದಾದದ್ದು ವಿಮಾನದ ಹೊರ ಆಕಾರ ಮಾತ್ರ. ಈ ಮರದ ಮಾದರಿ ಕೊಡುವುದೂ ಅಷ್ಟನ್ನೇ. ಇದು ಇಡಿಯಾಗಿ ಗಟ್ಟಿ ಮರ. ಕಿಟಕಿಗಳೂ ಕಾಕ್‌ಪಿಟ್ಟಿನ ಗಾಜೂ ಮರದ ಮೇಲೆ ಬಳಿದ ಬಣ್ಣವೇ. ಒಳಗೆ ಇಣುಕಿ ನೋಡಲು ಒಳಗೆಂಬುದೇ ಇಲ್ಲ.

ಈ ಕೆಲಸ ಏನೆಂದು ತಿಳಿಯಲು ಒಂದು ಅಡಿಕೆ ತೋಟವನ್ನು ನೆನೆಸಿಕೊಳ್ಳಿ. ಕಗ್ಗತ್ತಲ ರಾತ್ರಿ, ತೋಟದ ಯಜಮಾನ ಟಾರ್ಚ್ ಹಿಡಿದು ಕಳ್ಳನನ್ನು ಹುಡುಕುತ್ತಿದ್ದಾನೆ. ಬೆಳಕು ಕಳ್ಳನವರೆಗೆ ಹೋಗಿ, ಅವನ ಮೈಗೆ ತಾಗಿ, ಮತ್ತೆ ಯಜಮಾನನ ಕಣ್ಣಿಗೆ ಬಂದರೆ ಮಾತ್ರ ಕಳ್ಳ ಕಾಣುತ್ತಾನೆ. ಆದರೆ ಕಳ್ಳನಿಗೆ ಟಾರ್ಚು ಬಹುದೂರದಿಂದಲೇ ಕಾಣುತ್ತದೆ, ಏಕೆಂದರೆ ಬೆಳಕು ಅವನ ಕಣ್ಣಿಗೆ ಬರಲು ಒಂದೇ ದಾರಿ ಸವೆಸಿದರೆ ಸಾಕು. ರೇಡಾರ್ ಅಂಥದೊಂದು ಟಾರ್ಚು. ಅದು ಬೆಳಕಿನ ಬದಲು ರೇಡಿಯೊ ಅಲೆಯನ್ನು ಎಸೆಯುತ್ತದೆ. ಆ ಅಲೆಯನ್ನು ಕೇಳಿಸಿಕೊಳ್ಳುವ ವಿಮಾನವು ರೇಡಾರಿನ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ರೇಡಾರನ್ನು ಪತ್ತೆ ಮಾಡಬಲ್ಲದು. ಅಲೆಯ ಕಂಪನ ಎಷ್ಟು, ಸೆಕೆಂಡಿಗೆ ಎಷ್ಟು ಮಿಡಿತ, ಯಾವ ದಿಕ್ಕಿನಿಂದ ಬಂತು ಎಂದು ಬರೆದಿಟ್ಟುಕೊಂಡರೆ ಯಾವ ಬಗೆಯ ರೇಡಾರು, ಎಲ್ಲಿದೆ ಎಂಬುದು ತಿಳಿಯುತ್ತದೆ. ಮುಂದೆ ಯುದ್ಧವಾದರೆ ಅದರ ಕಣ್ಣಿಗೆ ಮಣ್ಣೆರಚುವ ದಾರಿಯೂ ಸಿಗುತ್ತದೆ. ಹೀಗೆ ಈ ಕಸುಬಿನಲ್ಲಿ ಎರಡು ಬಗೆ. ಒಂದು, ಗಡಿಯಾಚೆ ನಿಂತು ಕೇಳಿಸಿಕೊಳ್ಳುವುದು. ಇನ್ನೊಂದು, ಯುದ್ಧದಲ್ಲಿ ಗದ್ದಲದ ಅಲೆಗಳನ್ನು ಎಸೆದು ಎದುರಾಳಿಯ ರೇಡಾರನ್ನು ಕುರುಡು ಮಾಡುವುದು.

ಎರಡನೆಯ ಬಗೆಗೆ ಹೆಸರಾದದ್ದು ಇಎ-6ಬಿ ಪ್ರೌಲರ್. 1971ರಲ್ಲಿ ಸೇವೆಗೆ ಬಂದ ಇದರಲ್ಲಿ ನಾಲ್ವರು ಕೂರುತ್ತಿದ್ದರು. ಒಬ್ಬ ಪೈಲಟ್, ಉಳಿದ ಮೂವರದ್ದು ಅಲೆಗಳ ಜೊತೆಗಿನ ಕೆಲಸ. ತನ್ನದೇ ಉಪಕರಣಗಳು ಎಸೆಯುವ ಅಲೆಗಳಿಂದ ಒಳಗಿನವರನ್ನು ಕಾಪಾಡಲು ಅದರ ಗಾಜಿಗೆ ಚಿನ್ನದ ತೆಳು ಲೇಪವಿತ್ತು. ಬಾಲದ ತುದಿಯಲ್ಲಿ ಚೆಂಡು ತುರುಕಿದಂಥ ಉಬ್ಬು. ಅಲೆ ಹಿಡಿಯುವ ಆಂಟೆನಾಗಳು ಅದರೊಳಗೆ. ಪ್ರೌಲರಿನ ಮರದ ಮಾದರಿ ಮಾಡುವವನು ಈ ಉಬ್ಬನ್ನು ಬಿಟ್ಟರೆ ಕೊಳ್ಳುವವನು ಅದನ್ನು ಮುಟ್ಟುವುದೂ ಇಲ್ಲ.

ನಾನು ಹೇಳಹೊರಟಿರುವುದು ಮೊದಲನೆಯ ಬಗೆಯದು, ಕೇಳಿಸಿಕೊಳ್ಳುತ್ತಿದ್ದ ವಿಮಾನದ ಕಥೆ. ಮೂರು ಬಾಲದ ಆ ಮಾದರಿಯ ಬಾಲದ ಮೇಲೆ ಸಾಮಾನ್ಯವಾಗಿ ಪಿಆರ್ ಎಂಬ ಎರಡು ಅಕ್ಷರ ಬರೆದಿರುತ್ತದೆ. ಅದು ವಿಕ್ಯೂ-1 ಸ್ಕ್ವಾಡ್ರನ್ನಿನ ಗುರುತು. ಅಮೆರಿಕ ನೌಕಾಪಡೆಯ ಲೆಕ್ಕದಲ್ಲಿ ವಿ ಎಂದರೆ ಗಾಳಿಗಿಂತ ಭಾರವಾದ ಯಂತ್ರ, ಕ್ಯೂ ಎಂದರೆ ಎಲೆಕ್ಟ್ರಾನಿಕ್ ಕೆಲಸ. ಈ ಸ್ಕ್ವಾಡ್ರನ್ ಹುಟ್ಟಿದ್ದು 1955ರ ಜೂನ್ 1ರಂದು, ಜಪಾನಿನ ಇವಾಕುನಿಯಲ್ಲಿ. ಆದರೆ ಅದು ತನ್ನ ವಂಶಾವಳಿಯನ್ನು ಎರಡನೇ ಮಹಾಯುದ್ಧದ ಎರಡು ಕಟಲೀನಾ ವಿಮಾನಗಳಿಂದ ಎಣಿಸುತ್ತಿತ್ತು. ನೀರಿನ ಮೇಲೂ ಇಳಿಯಬಲ್ಲ ಆ ವಿಮಾನಗಳಿಗೆ ಕಪ್ಪು ಬಣ್ಣ ಬಳಿದು, ಅಲೆ ಹಿಡಿಯುವ ಉಪಕರಣ ಕೂರಿಸಿ, ರಾತ್ರಿ ಹೊತ್ತು ಕಳಿಸುತ್ತಿದ್ದರು. ಕಟಲೀನಾ ಎಂದೊಡನೆ ಬೆಂಗಳೂರಿನ ಹಿರಿಯರಿಗೆ ಬೆಳ್ಳಂದೂರು ಕೆರೆ ನೆನಪಾದೀತು. ಯುದ್ಧದ ವರ್ಷಗಳಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ದುರಸ್ತಿಗೆ ಬರುತ್ತಿದ್ದ ಕಟಲೀನಾಗಳು ಇಳಿಯುತ್ತಿದ್ದುದು ಆ ಕೆರೆಯಲ್ಲಿ.

ಮರದ ವಿಮಾನಕ್ಕೂ ನೌಕಾಪಡೆಗೂ ನಂಟು ಬೆಳೆದದ್ದೂ ಅದೇ ಯುದ್ಧದಲ್ಲಿ. ಆಕಾಶದಲ್ಲಿ ಕಂಡ ಚುಕ್ಕೆ ನಮ್ಮದೋ ಅವರದೋ ಎಂದು ಕ್ಷಣದಲ್ಲಿ ಹೇಳಲಾಗದೆ ಹಡಗಿನ ಗನ್ನರುಗಳು ಕಂಗೆಡುತ್ತಿದ್ದರು. ತಮ್ಮವರನ್ನೇ ಹೊಡೆದ ಪ್ರಸಂಗಗಳೂ ಇದ್ದವು. 1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ಶಾಲೆಗಳಿಗೆ ಕರೆ ಕೊಟ್ಟಿತು: ಐವತ್ತು ಬಗೆಯ ವಿಮಾನಗಳು, ಒಂದೊಂದರದೂ ಹತ್ತು ಸಾವಿರ, ಒಟ್ಟು ಐದು ಲಕ್ಷ ಮರದ ಮಾದರಿಗಳು ಬೇಕು. ಹೈಸ್ಕೂಲಿನ ಮಕ್ಕಳು ಮರಗೆಲಸದ ಕೊಠಡಿಗಳಲ್ಲಿ ಕೂತು ಕೆತ್ತಿದರು. ಅಳತೆ ಎಪ್ಪತ್ತೆರಡರಲ್ಲಿ ಒಂದು, ಬಣ್ಣ ಕಪ್ಪು. ಆ ಅಳತೆಗೊಂದು ಕಾರಣವಿತ್ತು. ಅಂಥ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ ಅರ್ಧ ಮೈಲಿ ದೂರದ ನಿಜ ವಿಮಾನ ಎಷ್ಟು ಕಾಣುವುದೋ ಅಷ್ಟೇ ಕಾಣುತ್ತದೆ. ಮುಂದೆ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದ ಪ್ಲಾಸ್ಟಿಕ್ ಮಾದರಿಗಳಲ್ಲೂ ಇದೇ ಅಳತೆ ಬಳಕೆಯಲ್ಲಿ ಉಳಿಯಿತು. ಕಪ್ಪು ಬಣ್ಣವೂ ಉದ್ದೇಶಪೂರ್ವಕವೇ. ಕಲಿಯಬೇಕಾದದ್ದು ನೆರಳಿನ ಆಕಾರವನ್ನು, ಅಲಂಕಾರವನ್ನಲ್ಲ.

ಯುದ್ಧ ಮುಗಿದ ಮೇಲೆ ಮಾದರಿ ಪಾಠದ ಸಾಮಗ್ರಿಯಾಗುವುದು ಕಡಿಮೆಯಾಗಿ ನೆನಪಿನ ವಸ್ತುವಾಯಿತು. ಕೆತ್ತುವ ಕೈಗಳೂ ಬದಲಾದವು. ಅಮೆರಿಕದ ಎರಡು ದೊಡ್ಡ ನೆಲೆಗಳು ಫಿಲಿಪೈನ್ಸಿನಲ್ಲಿದ್ದವು: ಪಂಪಾಂಗಾ ಪ್ರಾಂತ್ಯದಲ್ಲಿ ವಾಯುಪಡೆಯ ಕ್ಲಾರ್ಕ್, ಒಲೊಂಗಾಪೋ ಊರಿನ ಮಗ್ಗುಲಲ್ಲಿ ನೌಕಾಪಡೆಯ ಸುಬಿಕ್ ಕೊಲ್ಲಿ. ಸುಬಿಕ್ಕಿನ ಕ್ಯುಬಿ ಪಾಯಿಂಟ್ ವಿಮಾನ ನಿಲ್ದಾಣದಿಂದ ವಿಯೆಟ್ನಾಂ ಯುದ್ಧಕ್ಕೆ ಸ್ಕ್ವಾಡ್ರನ್ನುಗಳು ಬಂದು ಹೋಗುತ್ತಿದ್ದವು. ಪಂಪಾಂಗಾ ಮೊದಲಿನಿಂದಲೂ ಮರದ ಕೆತ್ತನೆಗೆ ಹೆಸರಾದ ಸೀಮೆ. ಅಲ್ಲಿನ ಬೇಟಿಸ್ ಊರಿನವರು ಚರ್ಚಿನ ಸಂತರ ಮೂರ್ತಿಗಳನ್ನೂ ಕುಸುರಿಯ ಪೀಠೋಪಕರಣಗಳನ್ನೂ ತಲೆಮಾರುಗಳಿಂದ ಕೆತ್ತಿದವರು. ನೆಲೆಗಳ ಗೇಟಿನಾಚೆ ಹುಟ್ಟಿಕೊಂಡ ಅಂಗಡಿಗಳಲ್ಲಿ ಅಂಥ ಕಸುಬು ವಿಮಾನಗಳತ್ತ ತಿರುಗಿತು.

ಮಹಾಗನಿಯೂ ಅಲ್ಲಿನ ಮೂಲ ಮರವಲ್ಲ. ಅಮೆರಿಕ ಖಂಡದ ಮರವದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫಿಲಿಪೈನ್ಸಿನಲ್ಲಿ ನೆಟ್ಟು ಬೆಳೆಸಿದ್ದು. ಅದು ವಿಮಾನದ ರೂಪ ತಾಳಿ ಮತ್ತೆ ಅಮೆರಿಕಕ್ಕೆ ಹೋಗತೊಡಗಿತು. ಎಳೆ ಬಿಗಿಯಾಗಿರುವುದರಿಂದ ಉಳಿಗೆ ಚೆನ್ನಾಗಿ ಒಗ್ಗುತ್ತದೆ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಒಡಲಿಗೊಂದು ದಿಮ್ಮಿ, ರೆಕ್ಕೆಗಳಿಗೆ ಬೇರೆ ಹಲಗೆ. ನಕ್ಷೆಯಿಂದ ರಟ್ಟಿನ ಅಚ್ಚು ಕತ್ತರಿಸಿ, ಮರದ ಮೇಲೆ ಗೆರೆ ಎಳೆದು, ಗರಗಸದಲ್ಲಿ ಸೀಳಿ, ಉಳಿಯಲ್ಲಿ ತಿದ್ದಿ, ಉಪ್ಪುಕಾಗದದಲ್ಲಿ ಉಜ್ಜುತ್ತಾರೆ. ರೆಕ್ಕೆಯನ್ನು ಒಡಲಿಗೆ ಗೂಟ ಹೊಡೆದು ಅಂಟಿನಿಂದ ಕೂಡಿಸುತ್ತಾರೆ. ಆಮೇಲೆ ಬಣ್ಣ. ಕೊನೆಗೆ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ: ಸ್ಕ್ವಾಡ್ರನ್ನಿನ ಲಾಂಛನ, ಬಾಲದ ಸಂಖ್ಯೆ, ಕಿಟಕಿಗಳು.

ಮೂರು ಬಾಲದ ಈ ವಿಮಾನ ಕೆತ್ತುವವನಿಗೆ ಸುಲಭದ್ದಲ್ಲ. ಇದರ ಮೂಲ ಲಾಕ್‌ಹೀಡ್ ಕಂಪನಿಯ ಸೂಪರ್ ಕಾನ್ಸ್ಟಲೇಷನ್ ಎಂಬ ಪ್ರಯಾಣಿಕ ವಿಮಾನ. ಇತರ ವಿಮಾನಗಳ ಒಡಲು ನಡುವೆ ಕೊಳವೆಯ ಹಾಗೆ ನೇರವಾಗಿದ್ದರೆ ಇದರದ್ದು ಮೀನಿನ ಬೆನ್ನಿನಂತೆ ಮೂತಿಯಿಂದ ಬಾಲದವರೆಗೆ ಬಾಗುತ್ತಲೇ ಹೋಗುತ್ತದೆ. ಒಂದೆಡೆ ಉಳಿ ಹೆಚ್ಚಾದರೆ ಇಡೀ ಸಾಲು ಕೆಟ್ಟಂತೆ. ನಮ್ಮ ಏರ್ ಇಂಡಿಯಾ ಕೂಡ 1950ರ ದಶಕದಲ್ಲಿ ಈ ಸೂಪರ್ ಕಾನ್ಸ್ಟಲೇಷನ್ನುಗಳನ್ನು ಹಾರಿಸಿತ್ತು. ಅವು ಮುಂದೆ ವಾಯುಪಡೆಗೆ, ಅಲ್ಲಿಂದ 1976ರಲ್ಲಿ ಕಡಲು ಕಾಯಲು ನಮ್ಮ ನೌಕಾಪಡೆಗೆ ಹೋದವು. ಗೋವಾದ ನೌಕಾ ವೈಮಾನಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಇಂದಿಗೂ ನಿಂತಿದೆ. ಬಿಸಿಲಲ್ಲಿ ಅದರ ಪಕ್ಕದಲ್ಲಿ ನಿಂತರೆ ಮಾದರಿ ನೋಡಿ ಊಹಿಸಲಾಗದ ಎರಡು ಸಂಗತಿ ತಿಳಿಯುತ್ತವೆ: ಅದು ಎಷ್ಟು ಎತ್ತರ, ಮತ್ತು ಅದರ ಕಿಟಕಿಗಳು ಎಷ್ಟು ಚಿಕ್ಕವು. ಅಮೆರಿಕದ ನೌಕಾಪಡೆ ಇದೇ ವಿಮಾನಕ್ಕೆ ಬೆನ್ನಲ್ಲೂ ಹೊಟ್ಟೆಯಲ್ಲೂ ರೇಡಾರಿನ ಗುಮ್ಮಟ ಕಟ್ಟಿ, ಒಳಗೆ ಟನ್ನುಗಟ್ಟಲೆ ಉಪಕರಣ ತುಂಬಿ, ಇಸಿ-121 ಎಂದು ಕರೆಯಿತು.

1969ರ ಏಪ್ರಿಲ್ 15ರ ಬೆಳಿಗ್ಗೆ ಏಳು ಗಂಟೆಗೆ ಅಂಥ ಒಂದು ವಿಮಾನ ಜಪಾನಿನ ಅತ್ಸುಗಿ ನೆಲೆಯಿಂದ ಏರಿತು. ಬಾಲದಲ್ಲಿ ಪಿಆರ್-21 ಎಂಬ ಸಂಖ್ಯೆ. ರೇಡಿಯೊದಲ್ಲಿ ಅದರ ಹೆಸರು ಡೀಪ್ ಸೀ 129. ಒಳಗೆ 31 ಮಂದಿ, ಅವರಲ್ಲಿ 30 ಜನ ನೌಕಾಪಡೆಯವರು, ಒಬ್ಬ ಮರೀನ್. ರಷ್ಯನ್ ಮತ್ತು ಕೊರಿಯನ್ ಭಾಷೆ ಬಲ್ಲವರೂ ಇದ್ದರು. ಉತ್ತರ ಕೊರಿಯಾದ ಕರಾವಳಿಗೆ 50 ನಾಟಿಕಲ್ ಮೈಲಿಗಿಂತ ಹತ್ತಿರ ಹೋಗಕೂಡದೆಂದು ಅಪ್ಪಣೆಯಿತ್ತು. ಕಡಲ ಮೇಲೆ ಅತ್ತಿಂದಿತ್ತ ಹಾರುತ್ತ ಅಲೆಗಳನ್ನು ಕೇಳಿಸಿಕೊಂಡು ಸಂಜೆಯೊಳಗೆ ದಕ್ಷಿಣ ಕೊರಿಯಾದ ಒಸಾನಿನಲ್ಲಿ ಇಳಿಯಬೇಕಿತ್ತು. ಅಲ್ಲಿಯವರೆಗೆ ನೂರಾರು ಸಲ ಇಂಥ ಹಾರಾಟ ನಡೆದಿತ್ತು. ಯಾರಿಗೂ ಇದು ವಿಶೇಷವಾಗಿ ಕಂಡಿರಲಿಲ್ಲ.

ಅಂದು ಕಿಮ್ ಇಲ್ ಸುಂಗ್‌ನ 57ನೇ ಹುಟ್ಟುಹಬ್ಬ. ಮಧ್ಯಾಹ್ನ ಒಂದು ಗಂಟೆಗೆ ವಿಮಾನದಿಂದ ಎಂದಿನ ವರದಿ ಬಂತು, ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಉತ್ತರ ಕೊರಿಯಾದ ಮಿಗ್-21ಗಳು ಮೇಲೆದ್ದು ಕಡಲಿನತ್ತ ಹೊರಟದ್ದನ್ನು ನೆಲದ ರೇಡಾರ್ ಕೇಂದ್ರಗಳು ಕಂಡವು. ಒಂದು ಮುಕ್ಕಾಲು ಗಂಟೆಯ ಸುಮಾರಿಗೆ, ತೀರದಿಂದ ಸುಮಾರು 90 ನಾಟಿಕಲ್ ಮೈಲಿ ದೂರದಲ್ಲಿ, ರೇಡಾರ್ ಪರದೆಯ ಮೇಲೆ ಎರಡೂ ಚುಕ್ಕೆಗಳು ಒಂದಾದವು. ಆಮೇಲೆ ದೊಡ್ಡ ಚುಕ್ಕೆ ಕಾಣಲಿಲ್ಲ. ಗಂಟೆಗೆ ಮುನ್ನೂರು ಮೈಲಿಯೂ ದಾಟದ, ಬಂದೂಕಿಲ್ಲದ ವಿಮಾನಕ್ಕೆ ಶಬ್ದಕ್ಕಿಂತ ವೇಗವಾಗಿ ಬರುವ ಮಿಗ್‌ನಿಂದ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ದೂರದ ಪಿಸುಮಾತನ್ನೂ ಹಿಡಿಯಬಲ್ಲ ಉಪಕರಣಗಳು ಒಳಗಿದ್ದವು. ಬಂದದ್ದನ್ನು ತಡೆಯಬಲ್ಲದ್ದು ಏನೂ ಇರಲಿಲ್ಲ.

ಉತ್ತರ ಕೊರಿಯಾ ತನ್ನ ವಾಯುಗಡಿಯೊಳಗೆ ನುಗ್ಗಿದ ಬೇಹು ವಿಮಾನವನ್ನು ಉರುಳಿಸಿದೆವೆಂದು ಸಾರಿತು. ವಿಮಾನ ಗಡಿಯ ಹತ್ತಿರಕ್ಕೂ ಹೋಗಿರಲಿಲ್ಲವೆಂದು ಅಮೆರಿಕ ಹೇಳಿತು. ಹುಡುಕಾಟಕ್ಕೆ ಹಡಗು, ವಿಮಾನಗಳು ಹೊರಟವು. ಶೀತಲ ಸಮರದ ಆ ದಿನಗಳಲ್ಲಿ ನಂಬಲು ಕಷ್ಟವಾದರೂ ಸೋವಿಯತ್ ನೌಕಾಪಡೆಯ ಎರಡು ಡಿಸ್ಟ್ರಾಯರ್ ಹಡಗುಗಳೂ ಹುಡುಕಾಟಕ್ಕೆ ನೆರವಾದವು. ತಮಗೆ ಸಿಕ್ಕ ಅವಶೇಷಗಳನ್ನು ಅಮೆರಿಕದ ಹಡಗಿಗೆ ಒಪ್ಪಿಸಿದವು. ಯಾರ ಮೇಲೆ ಬೇಹು ನಡೆಸುತ್ತಿದ್ದರೋ ಅವರಲ್ಲಿ ಸೋವಿಯತ್ತರೂ ಒಬ್ಬರು. ಕಡಲಿನಿಂದ ದೊರೆತದ್ದು ಎರಡು ದೇಹಗಳು. ಉಳಿದ 29 ಮಂದಿ ಇವತ್ತಿಗೂ ಅಲ್ಲೇ ಇದ್ದಾರೆ.

ಅಧ್ಯಕ್ಷ ನಿಕ್ಸನ್ ಅಧಿಕಾರಕ್ಕೆ ಬಂದು ಆಗಿನ್ನೂ ಮೂರು ತಿಂಗಳು. ಹಿಂದಿನ ವರ್ಷವಷ್ಟೇ ಪ್ಯೂಬ್ಲೊ ಎಂಬ ಬೇಹು ಹಡಗನ್ನು ಉತ್ತರ ಕೊರಿಯಾ ಹಿಡಿದು, ಅದರ 82 ಮಂದಿಯನ್ನು ಹನ್ನೊಂದು ತಿಂಗಳು ಸೆರೆಯಲ್ಲಿಟ್ಟಿತ್ತು. ಸೇಡಿನ ದಾಳಿ ಆಗಬೇಕೆಂಬ ಮಾತು ಶ್ವೇತಭವನದಲ್ಲಿ ನಡೆಯಿತು. ಆದರೆ ವಿಯೆಟ್ನಾಂನಲ್ಲಿ ಸಿಕ್ಕಿಬಿದ್ದ ದೇಶ ಕೊರಿಯಾದಲ್ಲಿ ಇನ್ನೊಂದು ಯುದ್ಧ ಮೈಮೇಲೆ ಎಳೆದುಕೊಳ್ಳಲು ಹಿಂಜರಿಯಿತು. ವಿಮಾನವಾಹಕ ಹಡಗುಗಳನ್ನು ಆ ಕಡಲಿಗೆ ಕಳಿಸಿ ತೋರಿಸಿದರು. ಬೇಹು ಹಾರಾಟ ನಿಲ್ಲದು, ಇನ್ನು ಮುಂದೆ ಅದಕ್ಕೆ ಕಾವಲಿರುತ್ತದೆ ಎಂದು ಏಪ್ರಿಲ್ 18ರಂದು ನಿಕ್ಸನ್ ಘೋಷಿಸಿದರು. ಪ್ರಕರಣ ಅಲ್ಲಿಗೆ ಮುಗಿಯಿತು. ದಾಳಿ ಮಾಡದೆ ಉಳಿದದ್ದರಿಂದ ಎಷ್ಟು ಜೀವ ಉಳಿದವೋ ಎಂದು ಇಂದು ಯೋಚಿಸಬಹುದು. ಸತ್ತವರ ಮನೆಯವರಿಗೆ ಆ ಲೆಕ್ಕ ಅಷ್ಟು ಸರಳವಾಗಿ ಕಾಣಲಾರದು. ಶೀತಲ ಸಮರದಲ್ಲಿ ಅಮೆರಿಕ ಒಂದೇ ಏಟಿಗೆ ಅಷ್ಟೊಂದು ವೈಮಾನಿಕ ಸಿಬ್ಬಂದಿಯನ್ನು ಕಳೆದುಕೊಂಡದ್ದು ಬೇರೆಲ್ಲೂ ಇಲ್ಲ. ಆದರೂ ವಿಯೆಟ್ನಾಂನ ಸದ್ದಿನಲ್ಲಿ ಈ ಹೆಸರುಗಳು ಬೇಗ ಮರೆಯಾದವು. ಅವರು ಏನು ಮಾಡುತ್ತಿದ್ದರು ಎಂದು ಬಹಿರಂಗವಾಗಿ ಹೇಳುವಂತಿರಲಿಲ್ಲ ಎಂಬುದೂ ಅದಕ್ಕೊಂದು ಕಾರಣ.

ಗುಟ್ಟಿನ ವಿಷಯ ಬಂದಾಗ ಇನ್ನೊಂದು ಮಾದರಿಯ ಕಥೆ ನೆನಪಾಗುತ್ತದೆ. 1961ರಲ್ಲಿ ರೆವೆಲ್ ಎಂಬ ಆಟಿಕೆ ಕಂಪನಿ ಪೊಲಾರಿಸ್ ಕ್ಷಿಪಣಿಗಳ ಸಬ್‌ಮರೀನಿನ ಪ್ಲಾಸ್ಟಿಕ್ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಒಂದು ಮಗ್ಗುಲು ತೆರೆದರೆ ಒಳಗಿನ ಕೋಣೆಗಳೆಲ್ಲ ಕಾಣುತ್ತಿದ್ದವು. ಅಡ್ಮಿರಲ್ ರಿಕೋವರ್ ಸಿಡಿಮಿಡಿಗೊಂಡರು: ಕೋಟಿಗಟ್ಟಲೆ ಸುರಿದರೂ ಸಿಗದ ವಿವರ ರಷ್ಯನ್ನರಿಗೆ 2.98 ಡಾಲರಿಗೆ ಸಿಕ್ಕಿತೆಂಬುದು ಅವರ ದೂರು. ಆ ಮಟ್ಟಿಗೆ ಮಹಾಗನಿಯ ಗಟ್ಟಿ ವಿಮಾನ ನಂಬಿಕಸ್ಥ. ಎಷ್ಟು ಸೀಳಿದರೂ ಅದರಲ್ಲಿ ಸಿಗುವುದು ಮರದ ಎಳೆಗಳೇ.

ವಿಕ್ಯೂ-1 ಆಮೇಲೂ ಬಾಳಿತು. ಹೊಸ ವಿಮಾನಗಳು ಬಂದವು. ಅವುಗಳಲ್ಲೊಂದು ಇಪಿ-3ಇ, 2001ರ ಏಪ್ರಿಲ್ 1ರಂದು ದಕ್ಷಿಣ ಚೀನಾ ಸಮುದ್ರದ ಮೇಲೆ ಚೀನಾದ ಜೆ-8 ಯುದ್ಧವಿಮಾನಕ್ಕೆ ಡಿಕ್ಕಿಯಾಯಿತು. ಚೀನೀ ಪೈಲಟ್ ವಾಂಗ್ ವೇ ಕಡಲಿಗೆ ಬಿದ್ದು ತೀರಿಕೊಂಡ. ಅವನ ದೇಹವೂ ಸಿಗಲಿಲ್ಲ. ಅಮೆರಿಕದ ವಿಮಾನ ಸಾವಿರಾರು ಅಡಿ ಉರುಳಿ, ಹೇಗೋ ಚೇತರಿಸಿಕೊಂಡು, ಹೈನಾನ್ ದ್ವೀಪದ ಚೀನೀ ನೆಲೆಯಲ್ಲೇ ಇಳಿಯಿತು. ಇಳಿಯುವ ಮೊದಲು ಒಳಗಿನ 24 ಮಂದಿ ಕೈಗೆ ಸಿಕ್ಕ ಕೊಡಲಿಯಿಂದ, ಬಿಸಿ ಕಾಫಿಯಿಂದ ಉಪಕರಣಗಳನ್ನು ಹಾಳುಮಾಡಲು ನೋಡಿದರು. ಹನ್ನೊಂದು ದಿನದ ಮೇಲೆ ಅವರ ಬಿಡುಗಡೆಯಾಯಿತು. ವಿಮಾನವನ್ನು ಮಾತ್ರ ಹಾರಿಸಿಕೊಂಡು ಹೋಗಲು ಚೀನಾ ಬಿಡಲಿಲ್ಲ. ರೆಕ್ಕೆ, ಬಾಲ, ಒಡಲು ಬಿಚ್ಚಿ, ರಷ್ಯಾದ ದೈತ್ಯ ಸರಕು ವಿಮಾನದಲ್ಲಿ ತುಂಬಿ ಜುಲೈನಲ್ಲಿ ಮನೆಗೆ ಕಳಿಸಿದರು. ನಿಜವಾದ ವಿಮಾನವೇ ಆಟಿಕೆಯ ಡಬ್ಬಿಯಂತೆ ತುಂಡುತುಂಡಾಗಿ ಬಂತು. ಆಮೇಲೆ ಅದನ್ನು ಜೋಡಿಸಿ ಮತ್ತೆ ಹಾರಿಸಿದರು ಕೂಡ.

ಹೀಗೆ ಎರಡೂ ಏಪ್ರಿಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನ್ನನ್ನು ಕಾಡುವುದು ಮಾದರಿ ಏನನ್ನು ಹೇಳುತ್ತದೆ ಎಂಬುದಕ್ಕಿಂತ ಏನನ್ನು ಬಿಡುತ್ತದೆ ಎಂಬ ಪ್ರಶ್ನೆ. ಪೀಠದ ಫಲಕದಲ್ಲಿ ಸ್ಕ್ವಾಡ್ರನ್ನಿನ ಹೆಸರಿದೆ. ಎದುರಿಗೆ ಬಂದ ಪೈಲಟ್ಟಿನ ಹೆಸರಿಲ್ಲ, ಅವನಿಗೂ ಮನೆಯಿತ್ತು. ಕೆತ್ತಿದವನ ಹೆಸರೂ ಇಲ್ಲ. ಬೇಲೂರಿನ ಶಿಲ್ಪಿಗಳು ತಮ್ಮ ಮದನಿಕೆಯರ ಕೆಳಗೆ ಹೆಸರು, ಊರು ಕೊರೆದಿಟ್ಟದ್ದನ್ನು ನೋಡಿ ಬೆಳೆದ ನಮಗೆ ಇದು ಕೊಂಚ ಹೆಚ್ಚೇ ಕಣ್ಣಿಗೆ ಬೀಳುತ್ತದೆ. ಮಾದರಿಯ ಅಡಿ ತಿರುಗಿಸಿ ನೋಡಿದರೆ ಬಹುತೇಕ ಕಾಣುವುದು ದೇಶದ ಹೆಸರು ಅಥವಾ ಅಂಗಡಿಯ ಚೀಟಿ, ಅಷ್ಟೆ.

1991ರ ಜೂನ್‌ನಲ್ಲಿ ಪಿನಾಟುಬೊ ಜ್ವಾಲಾಮುಖಿ ಸಿಡಿದು ಕ್ಲಾರ್ಕ್ ಬೂದಿಯಲ್ಲಿ ಹೂತುಹೋಯಿತು. ಅದೇ ಸೆಪ್ಟೆಂಬರಿನಲ್ಲಿ ಫಿಲಿಪೈನ್ಸ್ ಸೆನೆಟ್ ಅಮೆರಿಕದ ನೆಲೆಗಳ ಹೊಸ ಒಪ್ಪಂದವನ್ನು 12–11 ಮತಗಳಿಂದ ತಿರಸ್ಕರಿಸಿತು. 1992ರ ನವೆಂಬರಿನಲ್ಲಿ ಕೊನೆಯ ಅಮೆರಿಕನ್ನರು ಸುಬಿಕ್ ಬಿಟ್ಟರು. ಕ್ಯುಬಿ ಪಾಯಿಂಟಿನ ಅಧಿಕಾರಿಗಳ ಕ್ಲಬ್ಬಿನ ಗೋಡೆಗಳ ತುಂಬ ಸ್ಕ್ವಾಡ್ರನ್ನುಗಳು ಒಂದಕ್ಕಿಂತ ಒಂದು ದೊಡ್ಡದಾಗಿ ಮಾಡಿಸಿ ಹಾಕಿದ ಮರದ ಫಲಕಗಳಿದ್ದವು. ಅವನ್ನೆಲ್ಲ ಇಳಿಸಿ ಹಡಗಿಗೇರಿಸಿ ಫ್ಲಾರಿಡಾದ ಪೆನ್ಸಕೋಲಾದಲ್ಲಿರುವ ನೌಕಾ ವೈಮಾನಿಕ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಅಲ್ಲಿ ಅದೇ ಕ್ಲಬ್ಬನ್ನು ಮತ್ತೆ ಕಟ್ಟಿ, ಅದರಲ್ಲಿ ಉಪಾಹಾರ ಗೃಹ ನಡೆಸುತ್ತಾರೆ. ಮಾಲಿಗೆ ಒಂದು ನೆಲೆ ಸಿಕ್ಕಿತು; ಮಾಡಿದವರಿಗೆ ಮಾತ್ರ ಗೇಟಿನಾಚೆಯ ಗಿರಾಕಿ ಇಲ್ಲವಾಯಿತು. ಆದರೂ ಕಸುಬು ಸಾಯಲಿಲ್ಲ. ಮೊದಲು ಅಂಚೆಯಲ್ಲಿ, ಆಮೇಲೆ ಇಂಟರ್ನೆಟ್ಟಿನಲ್ಲಿ ಬೇಡಿಕೆ ಬರತೊಡಗಿತು. ಫೋಟೊ ಕಳಿಸಿ, ಬಾಲದ ಸಂಖ್ಯೆ ತಿಳಿಸಿ, ಮಾಡಿಕೊಡುತ್ತಾರೆ.

ವಿಕ್ಯೂ-1 ಕೂಡ ಈಗಿಲ್ಲ. 2025ರಲ್ಲಿ ಅದನ್ನು ವಿಸರ್ಜಿಸಿದರು. ಅದರ ಕೆಲಸ ಈಗ ಚಾಲಕನಿಲ್ಲದ ವಿಮಾನಗಳದ್ದೂ ಉಪಗ್ರಹಗಳದ್ದೂ ಆಗಿದೆ. ಮೇರಿಲ್ಯಾಂಡಿನ ಫೋರ್ಟ್ ಮೀಡ್‌ನಲ್ಲಿ ಗುಪ್ತಲಿಪಿ ಕೆಲಸದಲ್ಲಿ ಸತ್ತವರ ಸ್ಮಾರಕವೊಂದಿದೆ. ಮೌನವಾಗಿ ದುಡಿದವರು ಎಂಬರ್ಥದ ಸಾಲನ್ನು ಕಪ್ಪು ಕಲ್ಲಿನಲ್ಲಿ ಕೊರೆದಿದ್ದಾರೆ. ಅಲ್ಲಿಗೆ ಹೋಗಿ ಬರುವುದು ಎಲ್ಲರಿಗೂ ಸಾಧ್ಯವಿಲ್ಲ. ಕಪಾಟಿನ ಮೇಲಿನ ವಿಮಾನವನ್ನಾದರೆ ದಿನವೂ ಒರೆಸಿ ಇಡಬಹುದು.

ಬೇಡಿಕೆ ಪತ್ರದಲ್ಲಿ ಪಿಆರ್-21 ಎಂದು ಬಂದರೆ ಬಣ್ಣ ಹಾಕುವವನು ಅದನ್ನು ಎರಡು ಸಲ ಓದಿಕೊಳ್ಳುತ್ತಾನೆ, ಏಕೆಂದರೆ ಅಂಕಿ ತಪ್ಪಿದರೆ ಮಾಲು ವಾಪಸು ಬರುತ್ತದೆ. ಅವನಿಗೆ ಅದು ಒಂದು ಸಂಖ್ಯೆ. ಆಚೆ ಬದಿಯಲ್ಲಿ ಪೆಟ್ಟಿಗೆ ಬಿಚ್ಚುವವರಿಗೆ, ದೇಹವೂ ಸಿಗದ ಒಬ್ಬನ ಗುರುತು. ಅವನು ಕುಂಚವನ್ನು ಸಣ್ಣಗೆ ಹಿಂಡಿ, ಉಸಿರು ಬಿಗಿಹಿಡಿದು, ಮಧ್ಯದ ಬಾಲದ ಮೇಲೆ ಎರಡು ಅಕ್ಷರ, ಎರಡು ಅಂಕಿ ಬರೆಯುತ್ತಾನೆ. ಆಮೇಲೆ ಒಡಲಿನ ಉದ್ದಕ್ಕೂ ಒಂದೊಂದಾಗಿ ಕಿಟಕಿಗಳನ್ನು.